ಸುಣ್ಣದೊಳಗಿನ ಎರಡನೇ ಎಲೆಕ್ಟ್ರಾನ್

ರಾವೂರಿನಿಂದ ವಾಡಿ ಕಡೆ ಹೋದರೂ ಶಹಾಬಾದ ಕಡೆ ಹೋದರೂ ನೆಲದಡಿ ಸುಣ್ಣದ ಕಲ್ಲೇ. ಮನೆಗಳಲ್ಲಿ ಅದು ಪರಸಿಯಾಗಿ ಕಾಲಡಿ ಇರುತ್ತದೆ. ವಾಡಿ, ಸೇಡಂ ಕಾರ್ಖಾನೆಗಳಲ್ಲಿ ಬೆಂದು ಸಿಮೆಂಟಾಗುತ್ತದೆ. ಈ ಕಲ್ಲಿನಲ್ಲಿ ಮುಖ್ಯವಾಗಿರುವ ಧಾತುಗಳು ಮೂರು: ಕ್ಯಾಲ್ಸಿಯಂ, ಕಾರ್ಬನ್, ಆಕ್ಸಿಜನ್. ಪಿಯುಸಿ ಮಕ್ಕಳು ಬಾಯಿಪಾಠ ಮಾಡುವ ಎಲೆಕ್ಟ್ರಾನ್ ಅಫಿನಿಟಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಅನಿಲರೂಪದ ಒಂಟಿ ಪರಮಾಣುವಿಗೆ ಹೊಸದೊಂದು ಎಲೆಕ್ಟ್ರಾನ್ ಸೇರಿದಾಗ ಹೊರಬೀಳುವ ಶಕ್ತಿಯೇ ಈ ಅಳತೆ. ಒಂದು ಮೋಲ್ ಲೆಕ್ಕದಲ್ಲಿ ಕಾರ್ಬನ್‌ಗೆ 122 ಕಿಲೋಜೂಲ್, ಆಕ್ಸಿಜನ್‌ಗೆ 141, ಕ್ಲೋರಿನ್‌ಗೆ 349. ಆವರ್ತ ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಇದು ಏರುತ್ತದೆ, ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ನಿಯಮ ಒಟ್ಟಾರೆ ಸರಿ, ಆದರೆ ರಸಾಯನ ವಿಜ್ಞಾನದ ಸೊಗಸಿರುವುದು ಅದು ತಪ್ಪುವ ಕಡೆ. ಕಾರ್ಬನ್ ಮತ್ತು ಆಕ್ಸಿಜನ್ ನಡುವೆ ಕುಳಿತ ನೈಟ್ರೊಜನ್ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಅದರ ಅರ್ಧ ತುಂಬಿದ ಕಕ್ಷಕಗಳಿಗೆ ಹೊಸಬ ಬಂದರೆ ವಿಕರ್ಷಣೆ ಹೆಚ್ಚುತ್ತದೆ. ಫ್ಲೋರಿನ್ ಕ್ಲೋರಿನ್‌ಗಿಂತ ಮೇಲಿದ್ದರೂ ಅದರದು 328 ಮಾತ್ರ, ಪರಮಾಣು ಅಷ್ಟು ಚಿಕ್ಕದು, ಒಳಗೆ ಅಷ್ಟು ಇಕ್ಕಟ್ಟು.

ನಮ್ಮ ಕ್ಯಾಲ್ಸಿಯಂಗೆ ಎರಡೂವರೆ ಕಿಲೋಜೂಲ್ ಕೂಡ ಇಲ್ಲ. ಅದರ ಹೊರಗಿನ ಎಸ್ ಕಕ್ಷಕ ತುಂಬಿರುವುದರಿಂದ ಬಂದ ಎಲೆಕ್ಟ್ರಾನ್ ಇನ್ನೂ ಎತ್ತರದ ಪಿ ಕಕ್ಷಕಕ್ಕೆ ಹೋಗಬೇಕು. ಕ್ಯಾಲ್ಸಿಯಂನ ಋಣ ಅಯಾನು ಸ್ಥಿರವಾಗಿ ಇರಬಲ್ಲದು ಎಂಬುದಕ್ಕೆ ಪ್ರಯೋಗದ ಪುರಾವೆ ಸಿಕ್ಕಿದ್ದೇ 1987ರಲ್ಲಿ.

ಆಕ್ಸಿಜನ್ ಮೊದಲ ಎಲೆಕ್ಟ್ರಾನನ್ನು ಸಂತೋಷದಿಂದ ಸೇರಿಸಿಕೊಳ್ಳುತ್ತದೆ. ಎರಡನೆಯದನ್ನು ಮಾತ್ರ ಬಲವಂತವಾಗಿ ತುರುಕಬೇಕು: ಈಗಾಗಲೇ ಋಣವಾಗಿರುವ ಅಯಾನು ಅದನ್ನು ಹೊರತಳ್ಳುವುದರಿಂದ ನಾವೇ 700 ಕಿಲೋಜೂಲ್‌ಗೂ ಹೆಚ್ಚು ಶಕ್ತಿ ಕೊಡಬೇಕಾಗುತ್ತದೆ. ಸುಣ್ಣದ ಕಲ್ಲಿನಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಎರಡು ಋಣ ಆವೇಶಗಳು ಕಾರ್ಬೊನೇಟಿನ ಮೂರು ಆಕ್ಸಿಜನ್‌ಗಳ ಮೇಲೆ ಹರಡಿಕೊಂಡಿವೆ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕಾರ್ಬನ್ ಡೈಆಕ್ಸೈಡ್ ಹಾರಿಹೋದಾಗ ಉಳಿದ ಒಂದೇ ಆಕ್ಸಿಜನ್ ಆ ಎರಡನ್ನೂ ಹೊರಬೇಕು. ಒಂಟಿಯಾಗಿದ್ದರೆ ಅದಕ್ಕೆ ಸಾಧ್ಯವೇ ಇರಲಿಲ್ಲ. ಸುತ್ತ ಆರು ಕ್ಯಾಲ್ಸಿಯಂ ಧನ ಅಯಾನುಗಳು ನಿಂತು ಬಿಗಿಹಿಡಿದಿರುವುದರಿಂದ ನಿಭಾಯಿಸುತ್ತದೆ. ಹೀಗೆ ಉಳಿಯುವ ಸುಡುಸುಣ್ಣದ ಹರಳು ಜೋಡಣೆಯಿಂದ ದೊರೆಯುವ ಶಕ್ತಿ ಮೋಲ್ ಒಂದಕ್ಕೆ ಸುಮಾರು 3,400 ಕಿಲೋಜೂಲ್. ಎಲ್ಲ ಸಾಲವನ್ನೂ ತೀರಿಸುವುದು ಅದೇ.

ಸುಡುಸುಣ್ಣಕ್ಕೆ ನೀರು ಹಾಕಿ ನೋಡಿದವರಿಗೆ ಮುಂದಿನದು ಗೊತ್ತು. ಹೆಂಟೆ ಸೀಳುತ್ತದೆ, ಹಬೆ ಏಳುತ್ತದೆ, ಸುಣ್ಣ ಕುದಿಯುತ್ತ ಅರಳುತ್ತದೆ. ಎರಡು ಆವೇಶ ಹೊತ್ತ ಆಕ್ಸಿಜನ್ ನೀರಿನ ಅಣುವಿನಿಂದ ಒಂದು ಪ್ರೋಟಾನ್ ಕಿತ್ತುಕೊಂಡು ಹೈಡ್ರಾಕ್ಸೈಡ್ ಆಗುವ ಕ್ರಿಯೆ ಅದು. ಮೋಲ್ ಒಂದಕ್ಕೆ ಸುಮಾರು 65 ಕಿಲೋಜೂಲ್ ಬಿಸಿ ಹೊಮ್ಮುತ್ತದೆ. ಸುಡುಸುಣ್ಣದ ಪುಡಿ ಕಣ್ಣಿಗೆ ಬಿದ್ದಾಗಲೂ ಕಣ್ಣೀರಿನ ಜೊತೆ ಇದೇ ನಡೆಯುತ್ತದೆ. ಉಜ್ಜಬಾರದು, ಬಹಳ ಹೊತ್ತು ಧಾರಾಳ ನೀರಿನಿಂದ ತೊಳೆಯುತ್ತ ತಕ್ಷಣ ವೈದ್ಯರ ಬಳಿ ಹೋಗಬೇಕು.