ಜೀವವಿರುವ ತನಕ ಬೆಳಗುವ ದೀಪ

ಮಿಂಚುಹುಳುವನ್ನು ನೋಡದವರು ನಮ್ಮಲ್ಲಿ ವಿರಳ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಾದ ಬ್ಯಾಕ್ಟೀರಿಯಾಗಳಲ್ಲಿಯೂ ತಾವಾಗಿಯೇ ಬೆಳಗುವಂಥವು ಕೆಲವುಂಟು. ಸಮುದ್ರದ ಸತ್ತ ಮೀನು ಕೆಲವೊಮ್ಮೆ ಕತ್ತಲೆಯಲ್ಲಿ ಹೊಳೆಯುವುದು ಇವುಗಳಿಂದಲೇ. ಇಂಥ ಮೀನನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿಯನ್ನು ಹೊರದೆಗೆದರೆ ಹೊಳಪು ಕುಂದುವುದೆಂಬುದನ್ನು ರಾಬರ್ಟ್ ಬಾಯಿಲ್ ಎಂಬ ಪಂಡಿತರು 1668ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಈ ಬೆಳಕು ಹುಟ್ಟುವ ಬಗೆಯನ್ನು ಈಗ ನಾವು ಚೆನ್ನಾಗಿ ಬಲ್ಲೆವು. ಲೂಸಿಫರೇಸ್ ಎಂಬ ಕಿಣ್ವವು ಗಾಳಿಯ ಆಮ್ಲಜನಕವನ್ನು ಎರಡು ವಸ್ತುಗಳೊಡನೆ ಕೂಡಿಸುವುದು. ಒಂದು, ಬಿ2 ಜೀವಸತ್ವದಿಂದಾದ ಫ್ಲೇವಿನ್. ಇನ್ನೊಂದು, ಕೊಬ್ಬಿನಿಂದಾದ ಆಲ್ಡಿಹೈಡ್. ಈ ಕೂಟದಿಂದ ನೀಲಿಹಸುರು ಬೆಳಕು ಹೊರಡುವುದು. ಇದಕ್ಕೆ ಐದು ಜೀನುಗಳು ಸಾಕು: ಎರಡು ಕಿಣ್ವವನ್ನು ಕಟ್ಟುವವು, ಮೂರು ಆಲ್ಡಿಹೈಡನ್ನು ಒದಗಿಸುವವು. ಫ್ಲೇವಿನ್ ಎಲ್ಲ ಜೀವಕೋಶಗಳಲ್ಲಿಯೂ ಇದ್ದೇ ಇರುವುದು. ಆದುದರಿಂದ 'ಲಕ್ಸ್' ಎಂಬ ಈ ಜೀನುಗಳ ಕಟ್ಟನ್ನು ಬೇರೊಂದು ಬ್ಯಾಕ್ಟೀರಿಯಾದೊಳಗೆ ಇರಿಸಿದರೆ ಅದೂ ಬೆಳಗತೊಡಗುವುದು. ಹೊರಗಿನಿಂದ ಎಣ್ಣೆಯನ್ನೂ ಬತ್ತಿಯನ್ನೂ ಕೊಡಬೇಕಾಗಿಲ್ಲ.

ಒಂದೇ ಕೊರತೆಯೆಂದರೆ, ದೀಪವು ಬಹಳ ಮಂದ. ಕೋಟಿಗಟ್ಟಲೆ ಜೀವಿಗಳು ಗುಂಪಾಗಿದ್ದರೆ ಬೆಳಕು ಕಾಣುವುದು. ಒಂಟಿ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಕಷ್ಟ. ಜರ್ಮನಿಯ ಗಟ್ಟಿಂಗೆನ್ ನಗರದಲ್ಲಿ ಸ್ಟೆಫಾನ್ ಹೆಲ್ ಅವರೂ ಅವರ ಸಂಗಡಿಗರೂ ಈ ಕೊರತೆಯನ್ನು ನೀಗಲು ತೊಡಗಿದರು. ರೈತನು ಒಳ್ಳೆಯ ತೆನೆಯನ್ನೇ ಬೀಜಕ್ಕೆ ಆರಿಸಿಕೊಳ್ಳುವಂತೆ, ಅವರು ಜೀನುಗಳಲ್ಲಿ ಅಲ್ಲಲ್ಲಿ ಮಾರ್ಪಾಡುಗಳನ್ನುಂಟುಮಾಡಿ, ಹೆಚ್ಚು ಬೆಳಗಿದವುಗಳನ್ನು ಆರಿಸಿಕೊಂಡರು. ಫ್ಲೇವಿನನ್ನು ಸಿದ್ಧಗೊಳಿಸುವ ಮತ್ತೊಂದು ಜೀನನ್ನೂ ಕೂಡಿಸಿದರು. 2018ರಲ್ಲಿ ಪ್ರಕಟವಾದ ಈ 'ಐಲಕ್ಸ್' ಕಟ್ಟು ಮೊದಲಿನದಕ್ಕಿಂತ ಸುಮಾರು 7 ಪಟ್ಟು ಪ್ರಕಾಶವುಳ್ಳದ್ದು. ಅದರಿಂದ ಒಂದೊಂದೇ ಬ್ಯಾಕ್ಟೀರಿಯಾವನ್ನು ಹಲವು ದಿನಗಳವರೆಗೆ ನೋಡುತ್ತಿರಲು ಸಾಧ್ಯವಾಯಿತು.

ಇದರಿಂದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಸೂಕ್ಷ್ಮದರ್ಶಕದ ಕೆಲಸದಲ್ಲಿ ಬಳಸುವ ಪ್ರತಿದೀಪ್ತ ಬಣ್ಣಗಳು ಹೊರಗಿನ ಬೆಳಕನ್ನು ಬೀರಿದರೆ ಮಾತ್ರ ಹೊಳೆಯುವವು. ಆ ಪ್ರಖರವಾದ ಬೆಳಕೇ ಜೀವಕೋಶವನ್ನು ನೋಯಿಸಬಹುದು. ಲಕ್ಸ್ ದೀಪಕ್ಕೆ ಆ ದೋಷವಿಲ್ಲ. ಅಲ್ಲದೆ ಜೀವಿಯು ಉಣ್ಣುತ್ತ ಉಸಿರಾಡುತ್ತ ಇರುವ ತನಕ ಮಾತ್ರ ಅದು ಉರಿಯುವುದು. ಪ್ರತಿಜೀವಕ ಔಷಧವನ್ನು ಹಾಕಿದಾಗ ಯಾವ ಬ್ಯಾಕ್ಟೀರಿಯಾ ಬೇಗ ನಂದಿತು, ಯಾವುದು ಉಳಿದು ಇನ್ನೂ ಬೆಳಗುತ್ತಿದೆ ಎಂಬುದನ್ನು ಒಂದೊಂದಾಗಿ ಕಾಣಬಹುದು. ಗುಂಪನ್ನು ಒಟ್ಟಾಗಿ ಅಳೆದರೆ ಅಳಿದುಳಿದವು ಲೆಕ್ಕಕ್ಕೆ ಸಿಕ್ಕುವುದಿಲ್ಲ. ರೋಗವು ಮರುಕಳಿಸುವುದಾದರೋ ಆ ಉಳಿದ ಕೆಲವರಿಂದಲೇ.

2019ರಲ್ಲಿ ಇದೇ ವಿಧಾನದಿಂದ ಸಸ್ತನಿಗಳ ಜೀವಕೋಶಗಳನ್ನೂ ಬೆಳಗಿಸಲಾಯಿತು. ಕೊಳೆಯುವ ಮೀನಿನ ಮೇಲೆ ಕಂಡ ಮಿಣುಕು ಬೆಳಕು ಔಷಧಗಳನ್ನು ಪರೀಕ್ಷಿಸುವ ಕೈದೀಪವಾದುದನ್ನು ನೆನೆದರೆ, ಅಲ್ಪವೆಂದು ಯಾವುದನ್ನೂ ಕಡೆಗಣಿಸಬಾರದೆಂದು ನಮಗೆ ತೋರುವುದು.