ಮಂತ್ರಿಗಳ ನೆರೆಮನೆಯ ಪಂಡಿತ

2005ರಲ್ಲಿ, ಬ್ರಸೆಲ್ಸ್ ನಗರದಲ್ಲಿ, ಪುರಾತನ ಚಿತ್ರಕಾರನೊಬ್ಬನ ಹೆಸರನ್ನು ಧರಿಸಿ, ಯೂರೋಪಿನ ಸರಕಾರಗಳ ಮತ್ತು ಉದ್ಯಮಪತಿಗಳ ದ್ರವ್ಯಸಹಾಯದಿಂದ ಹುಟ್ಟಿದ ‘ಬ್ರೂಗೆಲ್’ ಎಂಬ ಅರ್ಥನೀತಿ ಸಂಸ್ಥೆಗೆ ಪ್ರಥಮ ನಿರ್ದೇಶಕರಾದವರು, ಅಧ್ಯಕ್ಷ ದ ಗಾಲ್ ಕಾಲದ ಕೃಷಿಸಚಿವರ ಪುತ್ರರೂ ಇಂಜಿನಿಯರಿಂಗ್ ಓದಿ ಅರ್ಥಶಾಸ್ತ್ರಕ್ಕೆ ಒಲಿದವರೂ ಆದ ಫ್ರಾನ್ಸಿನ ಜಾನ್ ಪಿಸಾನಿ-ಫೆರಿ. ಗ್ರೀಸು ಋಣಭಾರದಲ್ಲಿ ಕುಸಿಯುತ್ತಿರಲು, ಆ ಸಾಲವನ್ನು ತಗ್ಗಿಸದೆ ಗತಿಯಿಲ್ಲವೆಂದು 2011ರ ಆರಂಭದಲ್ಲಿಯೇ, ಅನೇಕ ರಾಜಧಾನಿಗಳಿಗೆ ಅಪ್ರಿಯವಾಗಿದ್ದ ಮಾತನ್ನು, ಸಹೋದ್ಯೋಗಿಗಳೊಡನೆ ಬರೆದವರು ಇವರು. 2013ರಲ್ಲಿ ಪ್ಯಾರಿಸಿಗೆ ಮರಳಿ ಸರಕಾರಿ ಚಿಂತನಸಂಸ್ಥೆಯ ಮುಖ್ಯಸ್ಥರಾದರು. 2017ರಲ್ಲಿ ಆ ಪದವಿಯನ್ನು ತ್ಯಜಿಸಿ ಅಧ್ಯಕ್ಷಪದವಿಯ ಅಭ್ಯರ್ಥಿ ಮಾಕ್ರೋನರ ಚುನಾವಣಾ ಕಾರ್ಯಕ್ರಮವನ್ನು ರಚಿಸಿಕೊಟ್ಟರು. ಪಂಡಿತನು ಪಕ್ಷ ಹಿಡಿಯುವುದು ನಿಸ್ಪೃಹತೆಗೆ ಕುಂದೇ ಸರಿ. ಆದರೆ 2023ರಲ್ಲಿ, ಹವಾಮಾನ ರಕ್ಷಣೆಯ ವೆಚ್ಚಕ್ಕಾಗಿ ಧನಿಕರ ಸಂಪತ್ತಿನ ಮೇಲೆ ತಾತ್ಕಾಲಿಕ ಕರ ವಿಧಿಸಿರೆಂದು ಅವರು ಸಹಲೇಖಕಿಯೊಡನೆ ವರದಿಯಿತ್ತಾಗ, ಅದನ್ನು ಒಲ್ಲೆನೆಂದದ್ದು ಅದೇ ಮಾಕ್ರೋನರ ಸರಕಾರ.