ರೊಟ್ಟಿಗೂ ಬೇಕು ಪಾಸ್‌ಪೋರ್ಟ್!

ಯಾದಗಿರಿ, ಶಹಾಪುರ, ಸುರಪುರ ಕಡೆ ಮನೆಮಂದಿಯಲ್ಲಿ ಒಬ್ಬರು ಪರದೇಶದಲ್ಲಿರುವುದು ಈಗ ಅಪರೂಪವೇನಲ್ಲ. ಮಗ ಡಲ್ಲಾಸ್‌ನಲ್ಲಿ, ಮಗಳು ಮೆಲ್ಬರ್ನ್‌ನಲ್ಲಿ, ಅಳಿಯ ದುಬೈಯಲ್ಲಿ. ರಜೆಗೆ ಬಂದು ಹೋಗುವಾಗ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಸಂಡಿಗೆ ತುಂಬಿಕೊಂಡು ಹೋಗ್ತಾರೆ. ಅದು ತೀರಿದ ಮೇಲೆ ಫೋನ್ ಬರುತ್ತದೆ: "ಅವ್ವಾ, ರೊಟ್ಟಿ ಪಾರ್ಸೆಲ್ ಹಾಕ್ತಿಯೇನ?"

ಇನ್ನೊಂದು ಕಡೆ, ರೊಟ್ಟಿ ಬಡಿದು ಮಾರುವ ಮಹಿಳಾ ಸಂಘಗಳು. ನೆರೆಯ ಕಲಬುರಗಿಯ ಸಂಘಗಳ ರೊಟ್ಟಿ ಈಗ 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡ್ ಹೆಸರಿನಲ್ಲಿ ಆನ್‌ಲೈನ್ ಮಾರಾಟವಾಗುತ್ತಿದೆ. ನಮ್ಮ ಕಡೆಯವರೂ ಕೇಳ್ತಾರೆ: "ನಮ್ಮ ರೊಟ್ಟಿ ಬೆಂಗಳೂರಿಗೆ ಹೋಗ್ತಾವ, ಪುಣಾಕ್ಕ ಹೋಗ್ತಾವ. ಅಮೆರಿಕಾಕ್ಕ ಯಾಕ ಹೋಗಂಗಿಲ್ರಿ?"

ನನ್ನ ಕೆಲಸ ಬೆಂಗಳೂರಿನಲ್ಲಿ, ಸರಕು ಸಾಗಣೆಯ ಸಾಫ್ಟ್‌ವೇರ್ ಬರೆಯುವುದು. ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ನನ್ನ ಮುಂದೆ ಬರುತ್ತದೆ. ನನ್ನ ಉತ್ತರ ಒಂದೇ: ರೊಟ್ಟಿ ಹೋಗುತ್ತದೆ, ನಿಲ್ಲುವುದು ಕಾಗದ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ವಿಮಾನ ಒಂದೆರಡು ದಿನದಲ್ಲಿ ಮುಟ್ಟಿಸುತ್ತದೆ. ಆದರೆ ಪೆಟ್ಟಿಗೆಯನ್ನು ಬಿಚ್ಚಿ ರುಚಿ ನೋಡಿ ಯಾರೂ ಒಳಗೆ ಬಿಡುವುದಿಲ್ಲ. ಪೆಟ್ಟಿಗೆಗಿಂತ ಮೊದಲು ಕಾಗದ ಮಾತಾಡಬೇಕು.

ಉಡುಗೊರೆಯೋ, ವ್ಯಾಪಾರವೋ?

ಎಲ್ಲದಕ್ಕೂ ಮೊದಲ ಪ್ರಶ್ನೆ ಇದು. ಅದೇ ಜೋಳ, ಅದೇ ಹಂಚು, ಅದೇ ಕೈ. ಆದರೂ ಕಸ್ಟಮ್ಸ್‌ನ ಕಣ್ಣಿಗೆ ಮಗಳಿಗೆ ಕಳಿಸುವ ರೊಟ್ಟಿ ಬೇರೆ, ಮಾರಲು ಕಳಿಸುವ ರೊಟ್ಟಿ ಬೇರೆ.

ಅಮೆರಿಕದ ಉದಾಹರಣೆ ನೋಡಿ. 2002ರ ಕಾಯ್ದೆಯೊಂದರ ಪ್ರಕಾರ ಆ ದೇಶಕ್ಕೆ ಬರುವ ಆಹಾರ ಪದಾರ್ಥದ ಬಗ್ಗೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎಗೆ ಮುಂಚಿತವಾಗಿ ತಿಳಿಸಬೇಕು. ವಿಮಾನದಲ್ಲಿ ಬರುವುದಾದರೆ ಮುಟ್ಟುವ ಕನಿಷ್ಠ 4 ತಾಸು ಮೊದಲು. ಇದರಲ್ಲೊಂದು ವಿನಾಯಿತಿ ಇದೆ: ಒಬ್ಬರು ತಮ್ಮ ಮನೆಯಲ್ಲೇ ಮಾಡಿ, ಇನ್ನೊಬ್ಬರಿಗೆ ಉಡುಗೊರೆಯಾಗಿ ತಾವೇ ಕಳಿಸುವ ತಿನಿಸಿಗೆ ಈ ಮುನ್ಸೂಚನೆ ಬೇಡ. ಅಂದರೆ ಅವ್ವ ಕುಟ್ಟಿದ ಶೇಂಗಾ ಹಿಂಡಿಗೆ ಬೇಡ. ಅದೇ ಹಿಂಡಿಯನ್ನು ಅಂಗಡಿಯಿಂದ ಕೊಂಡು ಕಳಿಸಿದರೆ ಬೇಕು!

ಮಾರಾಟಕ್ಕಾದರೆ ಮುನ್ಸೂಚನೆಯೊಂದೇ ಸಾಲದು. ತಯಾರಿಸುವ ಘಟಕ ಎಫ್‌ಡಿಎಯಲ್ಲಿ ನೋಂದಣಿಯಾಗಿರಬೇಕು, ಅಮೆರಿಕದಲ್ಲಿ ಒಬ್ಬ ಏಜೆಂಟ್ ಇರಬೇಕು. ಪೊಟ್ಟಣದ ಮೇಲೆ ಅಲರ್ಜಿ ಪದಾರ್ಥ ನಮೂದಿಸಬೇಕು. ಆ ಪಟ್ಟಿಯಲ್ಲಿ ಶೇಂಗಾ ಮೊದಲಿಂದಲೂ ಇದೆ, 2023ರ ಜನವರಿ 1ರಿಂದ ಎಳ್ಳೂ ಸೇರಿದೆ. ನಮ್ಮ ಕಡೆಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎರಡಕ್ಕೂ ಇದು ಅನ್ವಯಿಸುತ್ತದೆ.

ಇದನ್ನೆಲ್ಲ ತಪ್ಪಿಸಲು ಕೆಲವರು ಒಂದು ಉಪಾಯ ಹೇಳ್ತಾರೆ: "ಗಿಫ್ಟ್ ಅಂತ ಬರೀರಿ, ಬೆಲೆ ಐನೂರು ಹಾಕ್ರಿ." ಈ ಮಾತು ಕೇಳಬೇಡಿ. ಒಂದೇ ವಿಳಾಸಕ್ಕೆ ತಿಂಗಳಿಗೆ ನಾಲ್ಕು ಸಲ 'ಉಡುಗೊರೆ' ಹೋದರೆ ಅನುಮಾನ ಬರದೆ ಇರುವುದಿಲ್ಲ. ಪೆಟ್ಟಿಗೆ ಕಳೆದುಹೋದರೆ ಪರಿಹಾರದ ಲೆಕ್ಕಕ್ಕೂ ನೀವು ಬರೆದ ಆ ಐನೂರೇ ಆಧಾರ. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿಯನ್ನೇ ತೆಗೆದುಹಾಕಿತು. ಆಗ 100 ಡಾಲರ್‌ವರೆಗಿನ ನಿಜವಾದ ಉಡುಗೊರೆಗಷ್ಟೇ ವಿನಾಯಿತಿ ಉಳಿಯಿತು. ಇಂಥ ನಿಯಮ ಆಗಾಗ ಬದಲಾಗುತ್ತವೆ, ಕಳಿಸುವ ವಾರದಲ್ಲೇ ಒಮ್ಮೆ ವಿಚಾರಿಸಿ.

ನಾಲ್ಕು ಕಾಗದ, ಒಂದೇ ಮಾತು

ವ್ಯಾಪಾರಕ್ಕಾಗಿ ವಿಮಾನದಲ್ಲಿ ಸರಕು ಕಳಿಸುವಾಗ ಮುಖ್ಯವಾಗಿ ನಾಲ್ಕು ಕಾಗದ.

ಇನ್‌ವಾಯ್ಸ್: ಯಾರು ಯಾರಿಗೆ ಏನು ಮಾರಿದರು, ಎಷ್ಟು, ಯಾವ ದರಕ್ಕೆ, ಯಾವ ಕರೆನ್ಸಿಯಲ್ಲಿ, ಸಾಗಣೆ ಖರ್ಚು ಯಾರದು. 'ತಿನ್ನುವ ಸಾಮಾನು' ಎಂದು ಬರೆದರೆ ನಡೆಯುವುದಿಲ್ಲ. 'ಒಣ ಜೋಳದ ರೊಟ್ಟಿ, 500 ಗ್ರಾಂನ 20 ಪೊಟ್ಟಣ' ಎಂದು ಬರೆಯಬೇಕು. ಪಕ್ಕದಲ್ಲಿ ಎಚ್‌ಎಸ್ ಕೋಡ್, ಅಂದರೆ ಜಗತ್ತಿನ ಎಲ್ಲ ಕಸ್ಟಮ್ಸ್‌ಗಳಿಗೂ ಅರ್ಥವಾಗುವ ವಸ್ತುವಿನ ಸಂಖ್ಯೆ. ರೊಟ್ಟಿ, ಬ್ರೆಡ್ಡಿನಂಥವು 1905ರ ಕೆಳಗೆ ಬರುತ್ತವೆ, ತೊಗರಿ 0713.60ರ ಕೆಳಗೆ.

ಪ್ಯಾಕಿಂಗ್ ಲಿಸ್ಟ್: ಯಾವ ಪೆಟ್ಟಿಗೆಯಲ್ಲಿ ಏನಿದೆ, ಬರೀ ಮಾಲಿನ ತೂಕವೆಷ್ಟು, ಪೆಟ್ಟಿಗೆ ಸಮೇತ ಎಷ್ಟು, ಅಳತೆ ಎಷ್ಟು.

ಶಿಪ್ಪಿಂಗ್ ಬಿಲ್: ಇದು 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ನಮ್ಮ ಸರ್ಕಾರಕ್ಕೆ ಸಲ್ಲಿಸುವ ರಫ್ತು ಅರ್ಜಿ. ಈಗ ಕಂಪ್ಯೂಟರ್ ಮೂಲಕವೇ ಸಲ್ಲಿಕೆ. ಅಧಿಕಾರಿ ಒಪ್ಪಿ ಆದೇಶ ಕೊಟ್ಟ ಮೇಲೆಯೇ ಸರಕು ವಿಮಾನ ಹತ್ತುತ್ತದೆ.

ಏರ್‌ವೇ ಬಿಲ್: ವಿಮಾನ ಕಂಪನಿಯ ಜೊತೆಗಿನ ಕರಾರು. ಮೂಲ ಪ್ರತಿ ಮೂರು: ಕಂಪನಿಗೊಂದು, ಪಡೆಯುವವರಿಗೊಂದು, ಕಳಿಸುವವರಿಗೊಂದು. ಇದರ ಮೇಲಿನ 11 ಅಂಕಿಯ ಸಂಖ್ಯೆ ನನ್ನಂಥವರಿಗೆ ಬಲು ಇಷ್ಟ. ಮೊದಲ ಮೂರು ಅಂಕಿ ಕಂಪನಿಯದು: 098 ಅಂದರೆ ಏರ್ ಇಂಡಿಯಾ, 176 ಅಂದರೆ ಎಮಿರೇಟ್ಸ್. ಮುಂದಿನ ಏಳು ಅಂಕಿಯನ್ನು ಒಂದು ಸಂಖ್ಯೆಯಾಗಿ ತಗೊಂಡು 7ರಿಂದ ಭಾಗಿಸಿ, ಉಳಿಯುವ ಶೇಷವೇ ಕೊನೆಯ ಅಂಕಿ. 1234567ನ್ನು ಭಾಗಿಸಿದರೆ 5 ಉಳಿಯುತ್ತದೆ, ಹಾಗಾಗಿ ಸರಿಯಾದ ಸಂಖ್ಯೆ 12345675. ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ "ನಿಮ್ಮ ಮಾಲು ಹೋಯ್ತು, ಇಗೋ ನಂಬರ್" ಎಂದು ಕಳಿಸಿದರೆ ಮನೆಯಲ್ಲೇ ಕೂತು ಈ ಲೆಕ್ಕ ಮಾಡಿ ನೋಡಿ. ಶೇಷ ಹೊಂದದಿದ್ದರೆ ನಂಬರ್ ತಪ್ಪಿದೆ ಎಂದೇ ಅರ್ಥ.

ಈ ನಾಲ್ಕೂ ಕಾಗದ ಒಂದೇ ಮಾತು ಹೇಳಬೇಕು. ಇನ್‌ವಾಯ್ಸ್‌ನಲ್ಲಿ 20 ಪೊಟ್ಟಣ, ಪ್ಯಾಕಿಂಗ್ ಲಿಸ್ಟ್‌ನಲ್ಲಿ 22 ಇದ್ದರೆ ಎರಡು ಪೊಟ್ಟಣದ ಸಲುವಾಗಿ ಇಡೀ ಮಾಲು ನಿಲ್ಲುತ್ತದೆ.

ಊರಿನ ಹೆಸರೇ ಮೂರು!

ನಮ್ಮ ಭಾಗದವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಸುರಪುರವನ್ನು ಇಂಗ್ಲಿಷಿನಲ್ಲಿ ಒಬ್ಬರು ಸುರ್ಪುರ್ ಅಂತ ಬರೀತಾರೆ, ಇನ್ನೊಬ್ಬರು ಸುರಪುರ ಅಂತ, ಹಳೆಯ ದಾಖಲೆಗಳಲ್ಲಿ ಶೋರಾಪುರ್. ಯಾದಗಿರಿ ಕೆಲವು ಕಡೆ ಯಾದಗೀರ್. ಶಹಾಪುರ ಎಂಬ ಹೆಸರಿನ ಊರು ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೂ ಇದೆ. ಅದಕ್ಕೇ ಪಿನ್ ಕೋಡ್ ಮರೆಯಬಾರದು: ಶಹಾಪುರ 585223, ಸುರಪುರ 585224.

ಹೆಣ್ಣುಮಕ್ಕಳಿಗೆ ಇನ್ನೊಂದು ಕಷ್ಟ. ಪ್ಯಾನ್ ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಒಂದು ಅಕ್ಷರ. ಮನುಷ್ಯರಿಗೆ ಮೂವರೂ ಒಬ್ಬರೇ, ಕಂಪ್ಯೂಟರ್‌ಗೆ ಮೂವರೂ ಬೇರೆ. ರಫ್ತಿನ ಮಾತು ಎತ್ತುವ ಮೊದಲು ಈ ಮೂರರಲ್ಲಿ ಹೆಸರು ಒಂದೇ ಮಾಡಿಸಿಕೊಳ್ಳಿ.

ತೂಕದ ಲೆಕ್ಕ

ರೊಟ್ಟಿ ಹಗುರ, ಆದರೆ ಜಾಗ ತಿನ್ನುತ್ತದೆ. ವಿಮಾನದವರು ತಕ್ಕಡಿಯ ತೂಕ, ಜಾಗದ ತೂಕ ಎರಡೂ ನೋಡಿ ಹೆಚ್ಚಿನದಕ್ಕೆ ಬಾಡಿಗೆ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಜಾಗದ ತೂಕ ಕಿಲೋದಲ್ಲಿ ಸಿಗುತ್ತದೆ. 60, 40, 40 ಸೆಂ.ಮೀ. ಪೆಟ್ಟಿಗೆಯಲ್ಲಿ 8 ಕಿಲೋ ರೊಟ್ಟಿ ಇದೆ ಅಂದುಕೊಳ್ಳಿ, ಬಾಡಿಗೆ 16 ಕಿಲೋಗೆ! ದೊಡ್ಡ ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ, ಆಗ 19.2 ಕಿಲೋ. ಆದ್ದರಿಂದ ರೊಟ್ಟಿಯ ಅಳತೆಗೆ ಸರಿಯಾಗಿ ಪೆಟ್ಟಿಗೆ ಮಾಡಿಸಿದರೆ ಉಳಿತಾಯ ಅಲ್ಲೇ ಶುರು.

ಪೆಟ್ಟಿಗೆಗೆ ಹಾಕಬಾರದ್ದು

ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರ ಕಡೆ ಭತ್ತದ ಗದ್ದೆಗಳಾದವು. "ನಮ್ಮ ಹೊಲದ್ದೇ ಅಕ್ಕಿ, ನಾಕು ಕಿಲೋ ಹಾಕ್ತೀನಿ" ಅನ್ನುವುದು ಸಹಜ. ಆದರೆ ಖಾಪ್ರಾ ಎಂಬ ಹುಳದ ಭಯದಿಂದ ನಮ್ಮಂಥ ದೇಶಗಳಿಂದ ಮನೆಬಳಕೆಗೆಂದು ಬರುವ ಅಕ್ಕಿಯನ್ನು ಅಮೆರಿಕ ಒಳಗೆ ಬಿಡುವುದಿಲ್ಲ. ಯುರೋಪಿನ ದೇಶಗಳಿಗೆ ಅಂಚೆಯಲ್ಲಿ ಹಾಲು, ಮಾಂಸದ ಪದಾರ್ಥ ಕಳಿಸುವಂತಿಲ್ಲ, ಹಾಗಾಗಿ ಪೇಡೆ ಬೇಡ.

ಒಣ ಕೊಬ್ಬರಿಯ ವಿಷಯ ಕೇಳಿದರೆ ಬಹಳ ಮಂದಿಗೆ ಆಶ್ಚರ್ಯ. ಎಣ್ಣೆಯಂಶದಿಂದ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅದಕ್ಕೆ ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363ನೇ ಸಂಖ್ಯೆ ಕೊಟ್ಟಿದ್ದಾರೆ. ಉಡಿ ತುಂಬುವ ಕೊಬ್ಬರಿ ಬಟ್ಟಲು ಪಾರ್ಸೆಲ್‌ನಲ್ಲಿ ಬೇಡವೇ ಬೇಡ.

ತೊಗರಿಬೇಳೆ ಮಾರಾಟಕ್ಕೆ ಕಳಿಸುವುದಾದರೆ, ಹುಳ ಇಲ್ಲ ಎಂದು ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ಇಲಾಖೆ ಕೊಡುವ ಸಸ್ಯ ಆರೋಗ್ಯ ಪತ್ರ ಹೆಚ್ಚಿನ ದೇಶಗಳಿಗೆ ಬೇಕು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಜಿಐ ಹೆಸರು ಕಾಯುತ್ತದೆಯೇ ಹೊರತು ಈ ಪತ್ರದ ಬದಲಿಗೆ ಬರುವುದಿಲ್ಲ.

ಸುರಪುರದ ಚಿತ್ರ ಹೊರಟಾಗ

ಸುರಪುರ ಅಂದರೆ ನಾಯಕರ ಸಂಸ್ಥಾನ, ಟೇಲರ್ ಮಂಜಿಲ್, ಜೊತೆಗೆ ಚಿನ್ನದ ಹೊಳಪಿನ ಸುರಪುರ ಚಿತ್ರಕಲೆ. ಚಿತ್ರಕ್ಕೆ ಹುಳದ ಚಿಂತೆಯಿಲ್ಲ, ವಯಸ್ಸಿನ ಚಿಂತೆ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಚಿತ್ರವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಹಸ್ತಪ್ರತಿಗಾದರೆ 75 ವರ್ಷ. ಹೊಸ ಚಿತ್ರವೇ ಆದರೂ ನೋಡಲು ಹಳೆಯದರ ಹಾಗಿದ್ದರೆ ಕಸ್ಟಮ್ಸ್ ಅನುಮಾನಪಡುತ್ತದೆ. ಆಗ ಕೆಲಸಕ್ಕೆ ಬರುವುದು 'ಇದು ಪ್ರಾಚ್ಯವಸ್ತು ಅಲ್ಲ' ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೊಡುವ ಪ್ರಮಾಣಪತ್ರ. ಚಿತ್ರ ಮರದ ಪೆಟ್ಟಿಗೆಯಲ್ಲಿ ಹೋದರೆ, ಆ ಮರಕ್ಕೆ ಹುಳ ಸಾಯುವಂತೆ ಶಾಖ ಕೊಟ್ಟ ಗುರುತಿನ ಮುದ್ರೆಯೂ ಬೇಕು.

ವಿಮೆ ಮರೆಯಬೇಡಿ. ಏರ್‌ವೇ ಬಿಲ್ ಮೇಲೆ ಹೋದ ಸರಕು ಹಾಳಾದರೆ ಮಾಂಟ್ರಿಯಲ್ ಒಪ್ಪಂದದಂತೆ ಪರಿಹಾರದ ಮಿತಿ ಕಿಲೋಗೆ 26 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. 2 ಕಿಲೋ ತೂಗುವ ಚಿತ್ರಕ್ಕೆ 52 ಎಸ್‌ಡಿಆರ್, ನಮ್ಮ ದುಡ್ಡಲ್ಲಿ ಆರೇಳು ಸಾವಿರದ ಆಸುಪಾಸು. ಕಲಾವಿದರ ತಿಂಗಳುಗಳ ದುಡಿಮೆಯನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ! ಕಳಿಸುವಾಗಲೇ ನಿಜವಾದ ಬೆಲೆ ಘೋಷಿಸಬೇಕು, ಇಲ್ಲವೇ ಬೇರೆ ವಿಮೆ ಮಾಡಿಸಬೇಕು.

ಹೆಸರು ಯಾರದು?

ಯಾದಗಿರಿಯಿಂದ ಹೈದರಾಬಾದ್ ಸುಮಾರು 200 ಕಿ.ಮೀ., ಬೆಂಗಳೂರು ಅದರ ಎರಡರಷ್ಟಕ್ಕಿಂತ ದೂರ. ವಿಮಾನ ಅಲ್ಲಿಂದಲೇ ಹಾರಬೇಕು. ಹಾಗಾಗಿ "ಮಾಲು ನಮಗೆ ಕೊಡ್ರಿ, ಕಾಗದ ನಾವು ನೋಡ್ಕೋತೀವಿ" ಅನ್ನುವವರು ಸಿಗ್ತಾರೆ. ಕೆಲಸ ಸಲೀಸು, ನಿಜ. ಆದರೆ ನೆನಪಿಡಿ: ಶಿಪ್ಪಿಂಗ್ ಬಿಲ್ಲಿನಲ್ಲಿ ಯಾರ ಹೆಸರಿದೆಯೋ ಅವರೇ ರಫ್ತುದಾರರು. ರಫ್ತಿಗೆ ಸರ್ಕಾರ ಕೊಡುವ ರಿಯಾಯಿತಿ, ಬ್ಯಾಂಕಿನಲ್ಲಿ ಬೆಳೆಯುವ ನಂಬಿಕೆ, ಮುಂದಿನ ಸಾಲ, ಮುಂದಿನ ಗಿರಾಕಿ ಎಲ್ಲ ಅವರ ಪಾಲು. ಒಲೆ ಮುಂದೆ ಕೂತವರಿಗೆ ರೊಟ್ಟಿಗಿಷ್ಟು ಎಂಬ ಕೂಲಿ ಮಾತ್ರ. ಏಜೆಂಟರ ಸಹಾಯ ತಗೊಳ್ಳಿ, ಹೆಸರು ಮಾತ್ರ ನಿಮ್ಮದೇ ಇರಲಿ.

ಮೊದಲ ಹೆಜ್ಜೆಗೆ ಅಂಚೆ ಕಚೇರಿಯೇ ಸಾಕು. ಸಣ್ಣ ವ್ಯಾಪಾರಿಗಳಿಗಾಗಿ ಅಂಚೆ ಇಲಾಖೆ 'ಡಾಕ್ ಘರ್ ನಿರ್ಯಾತ್ ಕೇಂದ್ರ'ಗಳನ್ನು ತೆರೆದಿದೆ, ದೇಶದಲ್ಲಿ ಸಾವಿರಕ್ಕೂ ಹೆಚ್ಚು ಇವೆ. ಶಿಪ್ಪಿಂಗ್ ಬಿಲ್ ಬದಲು ಅಂಚೆಯ ರಫ್ತು ಬಿಲ್ಲನ್ನು ಆನ್‌ಲೈನ್‌ನಲ್ಲೇ ತುಂಬಬಹುದು. ನಿಮಗೆ ಹತ್ತಿರದ ಕೇಂದ್ರ ಯಾವುದೆಂದು ನಿಮ್ಮೂರ ಅಂಚೆ ಕಚೇರಿಯಲ್ಲಿ ಕೇಳಿ.

ಶುರು ಮಾಡುವವರು ಹೀಗೆ ಒಂದೊಂದೇ ಮುಗಿಸಿಕೊಳ್ಳಿ:

1. ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯಲ್ಲಿ ಹೆಸರು, ವಿಳಾಸ ಒಂದೇ ಇರಲಿ.

2. ವ್ಯಾಪಾರಕ್ಕಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಐಇಸಿ ಸಂಖ್ಯೆ ತಗೊಳ್ಳಿ. ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನ್. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ದೃಢಪಡಿಸಬೇಕು, ಏನೂ ಬದಲಾಗಿರದಿದ್ದರೂ. ಇಲ್ಲದಿದ್ದರೆ ನಿಷ್ಕ್ರಿಯವಾಗುತ್ತದೆ. ಬರೀ ಉಡುಗೊರೆಗೆ ಐಇಸಿ ಬೇಡ.

3. ತಿನಿಸು ರಫ್ತಿಗೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬೇಕು. ರಫ್ತುದಾರರಿಗೆ ಯಾವ ಬಗೆಯದು ಎಂದು ಮೊದಲೇ ಕೇಳಿಕೊಳ್ಳಿ.

4. ಕೊಳ್ಳುವವರಿಂದ ಅವರ ದೇಶದ ನಿಯಮಗಳನ್ನು ಬರಹದಲ್ಲಿ ತರಿಸಿಕೊಳ್ಳಿ.

5. ಮೊದಲು ಒಂದೇ ಸಣ್ಣ ಪೆಟ್ಟಿಗೆ ಕಳಿಸಿ. ಅದು ದಾಟಿದ ಕಾಗದಗಳ ಪ್ರತಿ ಜೋಪಾನ ಮಾಡಿ, ಮುಂದಿನ ಪೆಟ್ಟಿಗೆಗೆ ಅದೇ ಮಾದರಿ.

ಪಟ್ಟಿ ಉದ್ದ ಅನಿಸಬಹುದು. ಆದರೆ ತೆಳ್ಳಗೆ, ದುಂಡಗೆ, ಒಡೆಯದ ಹಾಗೆ ಜೋಳದ ರೊಟ್ಟಿ ಬಡಿಯುವುದಕ್ಕಿಂತ ಇದು ಕಷ್ಟದ ವಿದ್ಯೆ ಅಲ್ಲ. ಸಂಘದಲ್ಲಿ ಹತ್ತು ಮಂದಿ ರೊಟ್ಟಿ ಬಡಿಯುವವರಿದ್ದರೆ, ಕಾಲೇಜು ಓದಿದ ಒಬ್ಬ ಮಗಳನ್ನೋ ಸೊಸೆಯನ್ನೋ ಈ ಕಾಗದದ ಕೆಲಸಕ್ಕೆ ಕೂರಿಸಿ. ಅವಳಿಗೂ ಸಮಪಾಲು ಕೊಡಿ.